ಬಯಲುಸೀಮೆಯ ಕುಟುಂಬ ತೋಟದಲ್ಲಿ ಸಾವಯವ ಡ್ರೈ ಸ್ಪಾರ್ಕ್ಲಿಂಗ್ ವೈನ್: ನಾಟಿಯಿಂದ ಲೇಬಲ್‌ವರೆಗೆ

ಹಿರಿಯೂರು, ಹೊಸದುರ್ಗ, ಜಗಳೂರು ಕಡೆಯ ಓದುಗರು ಕಳೆದ ಕೆಲವು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಿದ್ದಾರೆ. ನಾಲ್ಕೈದು ಎಕರೆ ಕೆಂಪು ಭೂಮಿಯಿದೆ, ದಾಳಿಂಬೆಯ ದುಂಡಾಣು ಅಂಗಮಾರಿ ಸಾಕುಸಾಕಾಗಿಸಿದೆ, ಮನೆಯವರೇ ದುಡಿಯುತ್ತೇವೆ, ರಾಸಾಯನಿಕ ಬಿಟ್ಟಾಗಿದೆ. ದ್ರಾಕ್ಷಿ ಬೆಳೆದು ಬೆಲೆಬಾಳುವ ಸ್ಪಾರ್ಕ್ಲಿಂಗ್ ವೈನಿನವರೆಗೆ ಹೋಗಬಹುದೇ? ಹೋಗಬಹುದು. ಆದರೆ ದಾರಿ ಉದ್ದವಿದೆ, ಅದರ ಮೊದಲ ಅರ್ಧ ಪೂರ್ತಿ ತೋಟದಲ್ಲಿಯೇ ಕಳೆಯುತ್ತದೆ, ಮತ್ತು ಅಲ್ಲಿ ತಪ್ಪಿದ್ದನ್ನು ವೈನರಿಯಲ್ಲಿ ಸರಿಪಡಿಸಲು ಬರುವುದಿಲ್ಲ.

ಮೊದಲು ಎರಡು ಪದಗಳನ್ನು ತಿಳಿದುಕೊಳ್ಳೋಣ. ಸ್ಪಾರ್ಕ್ಲಿಂಗ್ ವೈನ್ ಎಂದರೆ ಲೋಟಕ್ಕೆ ಸುರಿದಾಗ ಸಣ್ಣ ಗುಳ್ಳೆಗಳೇಳುವ ವೈನ್. ಈ ಲೇಖನದಲ್ಲಿ ಹೇಳುವ ವಿಧಾನದಲ್ಲಿ ಆ ಗುಳ್ಳೆ ಹೊರಗಿನಿಂದ ತುಂಬಿದ ಅನಿಲವಲ್ಲ, ಮುಚ್ಚಿದ ಬಾಟಲಿಯೊಳಗೆ ಎರಡನೆಯ ಬಾರಿ ನಡೆದ ಹುದುಗುವಿಕೆಯಲ್ಲಿ ಹುಟ್ಟಿದ ಇಂಗಾಲದ ಡೈಆಕ್ಸೈಡ್. ಡ್ರೈ ಎಂದರೆ ಸಿಹಿ ಉಳಿಯದ್ದು: ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿಯಾಗಿ ತಿಂದು ಮದ್ಯಸಾರವನ್ನಾಗಿ ಮಾಡಿರುತ್ತದೆ. ಸಿಹಿಯಿದ್ದರೆ ಸಣ್ಣಪುಟ್ಟ ಕೊರತೆಗಳು ಅದರ ಮರೆಯಲ್ಲಿ ಅಡಗುತ್ತವೆ. ಸಿಹಿಯಿಲ್ಲದಿದ್ದಾಗ ನಾಲಿಗೆಗೆ ಸಿಗುವುದು ಹಣ್ಣಿನ ಹುಳಿ. ಆ ಹುಳಿ ಶುದ್ಧವಾಗಿ, ಚುರುಕಾಗಿ ಉಳಿದಿರಬೇಕು. ನಮ್ಮ ಬಿಸಿಲಿನಲ್ಲಿ ಸಕ್ಕರೆ ತಾನಾಗಿ ಬರುತ್ತದೆ, ಹುಳಿ ತಾನಾಗಿ ಹೋಗುತ್ತದೆ. ಮುಂದಿನ ಎಲ್ಲ ಹಂತಗಳನ್ನೂ ಹುಳಿಯನ್ನು ಕಾಯುವ ಕೆಲಸವೆಂದೇ ಓದಿಕೊಳ್ಳಿ.

ಹಂತ 1: ಗುಂಡಿ ತೋಡುವ ಮೊದಲು ಮನೆಯವರ ಒಪ್ಪಿಗೆ, ಖರೀದಿದಾರರ ಪತ್ರ

ವೈನ್ ದ್ರಾಕ್ಷಿಯ ಕಾಳು ಚಿಕ್ಕದು, ಬೀಜವುಳ್ಳದ್ದು. ವೈನರಿ ಕೈಬಿಟ್ಟರೆ ಅದನ್ನು ದಾವಣಗೆರೆಯ ಹಣ್ಣಿನ ಮಾರುಕಟ್ಟೆಗೆ ಒಯ್ದು ತಿನ್ನುವ ಹಣ್ಣಿನ ಬೆಲೆಗೆ ಮಾರಲಾಗದು. ಆದ್ದರಿಂದ ಪರವಾನಗಿ ಪಡೆದ ವೈನರಿಯೊಂದರ ಜೊತೆ ತಳಿ, ಸಕ್ಕರೆಯ ಮಟ್ಟ, ಹುಳಿಯ ಮಟ್ಟ, ಸಾಗಣೆಯ ಹೊಣೆ, ಬೆಲೆ ಇವಿಷ್ಟನ್ನೂ ಬರಹದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಸಸಿಗೆ ಹಣ ಕೊಡಿ. ತಿನ್ನುವ ದ್ರಾಕ್ಷಿಯ ವ್ಯವಹಾರದಲ್ಲಿ ಸಿಹಿ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಸ್ಪಾರ್ಕ್ಲಿಂಗ್ ವೈನಿನ ದ್ರಾಕ್ಷಿಗೆ ಆ ಲೆಕ್ಕ ಹೊಂದುವುದಿಲ್ಲ. ಒಪ್ಪಂದದಲ್ಲಿ ಸಕ್ಕರೆಗೆ ಮೇಲಿನ ಮಿತಿಯೂ ಇರಬೇಕು.

ಮನೆಯ ಒಪ್ಪಿಗೆಯ ವಿಷಯವನ್ನು ಸಂಕೋಚದಿಂದ ಬದಿಗಿಡಬೇಡಿ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಮದ್ಯಕ್ಕೆ ಸಂಬಂಧಿಸಿದ ಯಾವುದನ್ನೂ ಹಿರಿಯರು ಒಪ್ಪುವುದಿಲ್ಲ, ಅವರ ಮಾತಿಗೆ ಕಾರಣಗಳೂ ಇವೆ. ನಾಲ್ಕನೆಯ ವರ್ಷ ಹಣ್ಣು ತೂಗುವಾಗ ಎದ್ದ ಜಗಳ ತೋಟವನ್ನು ಮುಳುಗಿಸುತ್ತದೆ. ಅದನ್ನು ಮೊದಲ ವರ್ಷಕ್ಕೂ ಮುಂಚೆಯೇ ಕುಳಿತು ಮಾತನಾಡಿ ಮುಗಿಸುವುದು ಒಳ್ಳೆಯದು.

ಸ್ವಂತ ವೈನರಿ ಕಟ್ಟುವ ಆಸೆಯಿದ್ದರೆ ಅದನ್ನು ಕನಿಷ್ಠ ಐದಾರು ವರ್ಷ ಮುಂದೂಡಿ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ತೋಟ ನಿಮ್ಮದು, ತಯಾರಿಕೆ ಪರವಾನಗಿಯುಳ್ಳ ವೈನರಿಯಲ್ಲಿ ಎಂಬ ಏರ್ಪಾಡಿನಿಂದ ಪ್ರಾರಂಭಿಸುವುದು ಕ್ಷೇಮ. ರಾಜ್ಯದಲ್ಲಿ 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯ ಬಳಿಕ ಈ ಕೆಲಸಕ್ಕೆಂದೇ ಒಂದು ಮಂಡಳಿಯಿದೆ. ಕರ್ನಾಟಕ ದ್ರಾಕ್ಷಿ ಮತ್ತು ವೈನ್ ಮಂಡಳಿಯನ್ನು ಮೊದಲ ಹಂತದಲ್ಲೇ ಸಂಪರ್ಕಿಸಿ.

ಹಂತ 2: ಮಣ್ಣು, ನೀರು, ಗಾಳಿ

ನೀರು ಬಸಿದು ಹೋಗುವ ಕೆಂಪು ಮಸಾರಿ ಅಥವಾ ಗರಸು ಮಣ್ಣು ಬೇಕು. ದಾವಣಗೆರೆ ಸುತ್ತಲಿನ ಆಳವಾದ ಎರೆ ಭೂಮಿ ನೀರು ಹಿಡಿದಿಟ್ಟು ಬಳ್ಳಿಯನ್ನು ಸೊಕ್ಕಿಸುತ್ತದೆ. ಸೊಕ್ಕಿದ ಬಳ್ಳಿಯ ಎಲೆಯ ದಟ್ಟಣೆಯಲ್ಲಿ ರೋಗ ಕೂರುತ್ತದೆ. ಮಣ್ಣಿನ ಪರೀಕ್ಷೆಯಲ್ಲಿ ಪೊಟ್ಯಾಷ್ ಅಂಶವನ್ನು ತಪ್ಪದೆ ನೋಡಿ. ಪೊಟ್ಯಾಷ್ ಅತಿಯಾದರೆ ಅದು ಹಣ್ಣಿನೊಳಗೆ ಸೇರಿ ಟಾರ್ಟಾರಿಕ್ ಆಮ್ಲವನ್ನು ಕಟ್ಟಿಹಾಕುತ್ತದೆ, ರಸದ ಹುಳಿ ಚಪ್ಪೆಯಾಗುತ್ತದೆ. ಸಾವಯವ ಎಂಬ ಹುರುಪಿನಲ್ಲಿ ವರ್ಷವರ್ಷ ಬೂದಿ ಸುರಿಯುವ ಅಭ್ಯಾಸ ಈ ತೋಟಕ್ಕೆ ತಕ್ಕದ್ದಲ್ಲ.

ಕೊಳವೆಬಾವಿಯ ಇಳುವರಿಯನ್ನು ಏಪ್ರಿಲ್–ಮೇ ತಿಂಗಳಲ್ಲಿ ಅಳೆಯಿರಿ, ಮಳೆಗಾಲದ ನಂತರ ಅಳೆದ ಲೆಕ್ಕವನ್ನು ನಂಬಬೇಡಿ. ಬೇಸಿಗೆಯ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಮುಂದಿನ ಫಸಲಿನ ಕಡ್ಡಿ ಬೆಳೆಯುವುದು ಅದೇ ತಿಂಗಳುಗಳಲ್ಲಿ, ಹನಿ ನೀರಾವರಿಯಾದರೂ ಆಗ ನೀರು ತಪ್ಪುವಂತಿಲ್ಲ. ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿದ್ದು, 2025ರ ಜನವರಿಯಲ್ಲಿ ಮತ್ತೆ ತುಂಬಿದ್ದನ್ನು ಕಂಡು ಹಿರಿಯೂರು ಸೀಮೆಯಲ್ಲಿ ಎಷ್ಟೋ ಮಂದಿ ನೀರಿನ ಚಿಂತೆ ತೀರಿತೆಂದುಕೊಂಡಿದ್ದಾರೆ. ಅದಕ್ಕೂ ಮುಂಚೆ ಅದು ತುಂಬಿದ್ದು 1933ರಲ್ಲಿ. ನಡುವಿನ 89 ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ನೀರಿನ ಲವಣಾಂಶವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಬೇರುಸಸಿಯನ್ನು, ಅಂದರೆ ಕಸಿಯ ಕೆಳಭಾಗದ ಗಿಡವನ್ನು, ಆರಿಸಬೇಕು.

ಗಾಳಿ ನಮಗೆ ವರವೂ ಹೌದು, ಕಾಟವೂ ಹೌದು. ಜೋಗಿಮಟ್ಟಿಯ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಎಲೆಯ ತೇವವನ್ನು ಬೇಗ ಒಣಗಿಸಿ ಬೂಜು ರೋಗವನ್ನು ತಗ್ಗಿಸುತ್ತದೆ, ಎಳೆಯ ಚಿಗುರನ್ನು ಮುರಿಯುತ್ತದೆ ಕೂಡ. ಪಶ್ಚಿಮದ ಬದಿಗೆ ಗಾಳಿತಡೆಯ ಮರಸಾಲನ್ನು ಬಳ್ಳಿ ನೆಡುವುದಕ್ಕಿಂತ ಒಂದು ವರ್ಷ ಮೊದಲೇ ಎಬ್ಬಿಸಿ.

ಹಂತ 3: ತಳಿ ಮತ್ತು ಬೇರುಸಸಿ

ಬಿಸಿಲಿನಲ್ಲೂ ಹುಳಿ ಬಿಡದ ಬಿಳಿ ತಳಿ ಬೇಕು. ಫ್ರಾನ್ಸಿನ ಲುವಾರ್ ಕಣಿವೆಯಿಂದ ಬಂದ ಶೆನಿನ್ ಬ್ಲಾಂಕ್ ನಾಸಿಕ್ ಭಾಗದಲ್ಲಿ ಚೆನ್ನಾಗಿ ನೆಲೆಯೂರಿದೆ, ಅಲ್ಲಿನ ಸ್ಪಾರ್ಕ್ಲಿಂಗ್ ವೈನ್‌ಗಳಲ್ಲಿ ಅದರ ಪಾಲು ದೊಡ್ಡದು. ಉನಿ ಬ್ಲಾಂಕ್ ಕೂಡ ಹುಳಿ ಹಿಡಿದಿಡುವ ತಳಿಯೇ. ಹೆಸರಿನ ಆಸೆಗೆ ಪಿನೋ ನ್ವಾರ್ ನೆಡಬೇಡಿ, ಅದು ತಂಪು ಸೀಮೆಯ ಬಳ್ಳಿ. ಬೆಂಗಳೂರು ನೀಲಿ ನಮ್ಮದೇ ಹೆಮ್ಮೆಯ ಹಣ್ಣಾದರೂ ಅದರ ಗಾಢವಾದ ವಿಶಿಷ್ಟ ವಾಸನೆ ಡ್ರೈ ಸ್ಪಾರ್ಕ್ಲಿಂಗ್‌ನಲ್ಲಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಶೆನಿನ್ ಬ್ಲಾಂಕ್‌ನ ಒಂದು ದೋಷವೂ ಗೊತ್ತಿರಲಿ: ಅದರ ಗೊಂಚಲು ಬಿಗಿ, ಒಂದು ಕಾಳು ಒಡೆದರೆ ಪಕ್ಕದ್ದೆಲ್ಲ ಕೊಳೆಯುತ್ತದೆ.

ಬೇರುಸಸಿಯ ಆಯ್ಕೆ ಬಹಳ ಮಂದಿ ಎಡವುವ ಜಾಗ. ತಿನ್ನುವ ದ್ರಾಕ್ಷಿಗೆ ನಮ್ಮಲ್ಲಿ ಎಲ್ಲರೂ ಬಳಸುವ ಡಾಗ್‌ರಿಡ್ಜ್ ಬರವನ್ನೂ ಉಪ್ಪನ್ನೂ ತಾಳುತ್ತದೆ, ಆದರೆ ಬಳ್ಳಿಯನ್ನು ಸೊಕ್ಕಿಸಿ ಪೊಟ್ಯಾಷನ್ನು ಹೇರಳವಾಗಿ ಮೇಲೆಳೆಯುತ್ತದೆ. ನೀರಿನಲ್ಲಿ ಉಪ್ಪು ತೀರಾ ಹೆಚ್ಚಿಲ್ಲದಿದ್ದರೆ 110ಆರ್ ಎಂಬ ಬೇರುಸಸಿ ವೈನ್ ದ್ರಾಕ್ಷಿಗೆ ಮೇಲು. ನಿಮ್ಮ ಮಣ್ಣು ಮತ್ತು ನೀರಿನ ವರದಿಗಳನ್ನು ಹಿಡಿದು ಹಿರಿಯೂರಿನ ಬಬ್ಬೂರು ಫಾರ್ಮ್‌ಗೋ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಿ ವಿಚಾರಿಸಿ. ತಳಿಯ ಕುರಿತ ಸೂಕ್ಷ್ಮ ಪ್ರಶ್ನೆಗಳಿಗೆ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ.

ಹಂತ 4: ಸಾವಯವ ಪ್ರಮಾಣಪತ್ರದ ಗಡಿಯಾರ

ರಾಸಾಯನಿಕ ಬಿಟ್ಟು ಎಷ್ಟು ವರ್ಷವಾಗಿದ್ದರೂ ಕಾಗದದಲ್ಲಿ ಅದು ದಾಖಲಾಗದಿದ್ದರೆ ಸಾವಯವ ಎಂಬ ಹೆಸರು ಸಿಗುವುದಿಲ್ಲ. ಕೇಂದ್ರ ಸರ್ಕಾರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ ನಡೆಸುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ದ್ರಾಕ್ಷಿಯಂಥ ಬಹುವಾರ್ಷಿಕ ಬೆಳೆಗೆ ಮೂರು ವರ್ಷಗಳ ಪರಿವರ್ತನಾ ಅವಧಿಯಿದೆ. ಬಳ್ಳಿ ಹದವಾದ ಫಸಲಿಗೆ ಬರಲು ಕೂಡ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿಯುತ್ತದೆ. ನೋಂದಣಿಯನ್ನು ನಾಟಿಗೆ ಮುಂಚೆಯೇ ಮಾಡಿಸಿದರೆ ಎರಡು ಕಾಯುವಿಕೆಗಳೂ ಒಟ್ಟಿಗೆ ಕಳೆಯುತ್ತವೆ. ಫಸಲು ಕಂಡ ಮೇಲೆ ನೋಂದಾಯಿಸಿದರೆ ಮೂರು ವರ್ಷದ ಹಣ್ಣು ಸಾಮಾನ್ಯ ಹಣ್ಣಾಗಿ ಹೋಗುತ್ತದೆ. ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಒಂದು.

ಪ್ರತಿ ಸಿಂಪಡಣೆ, ಪ್ರತಿ ಗೊಬ್ಬರದ ಚೀಲ, ಪ್ರತಿ ಕೊಯ್ಲಿಗೂ ದಿನಾಂಕದೊಡನೆ ಪುಸ್ತಕ ಬರೆಯಿರಿ, ರಸೀದಿ ಅಂಟಿಸಿಡಿ. ಪಕ್ಕದ ಮೆಕ್ಕೆಜೋಳದ ಹೊಲದಲ್ಲಿ ಕಳೆನಾಶಕ ಹೊಡೆಯುವ ಪದ್ಧತಿಯಿದ್ದರೆ ಅಂಚಿನ ಪಟ್ಟಿಯೊಂದನ್ನು ಬೇರ್ಪಡಿಸಿ ಬಿಡಬೇಕು. ಕಳೆನಾಶಕದ ತುಂತುರು ತಾಗಿದರೆ ದ್ರಾಕ್ಷಿಯ ಎಲೆ ಬೇಗ ಮುದುಡುತ್ತದೆ, ಜೊತೆಗೆ ಪ್ರಮಾಣಪತ್ರಕ್ಕೂ ಕುತ್ತು ಬರುತ್ತದೆ. ನೆರೆಯವರೊಡನೆ ಸಿಂಪಡಣೆಯ ದಿನವನ್ನು ಮಾತಾಡಿಕೊಳ್ಳುವುದು ಎಲ್ಲ ಬೇಲಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಂತ 5: ಚಾಟನಿ ಮತ್ತು ರೋಗ

ನಮ್ಮ ವಾತಾವರಣದಲ್ಲಿ ಬಳ್ಳಿ ಚಳಿಗೆ ನಿದ್ರಿಸುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಬಾರಿ ಚಾಟನಿ ಮಾಡುತ್ತೇವೆ: ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹಣ್ಣಿಗಾಗಿ. ಈ ಎರಡನೆಯ ಚಾಟನಿಯ ದಿನವೇ ಇಡೀ ವರ್ಷದ ಅತಿ ಕಷ್ಟದ ತೀರ್ಮಾನ. ಚಿತ್ರದುರ್ಗದ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಒಳ್ಳೆಯ ಮಳೆ ಬೀಳುತ್ತದೆ. ಬೇಗ ಚಾಟನಿ ಮಾಡಿದರೆ ಎಳೆಯ ಚಿಗುರು, ಹೂಗೊಂಚಲು ಮಳೆಗೆ ಸಿಕ್ಕಿ ಬೂಜು ರೋಗಕ್ಕೆ ಬಲಿಯಾಗುತ್ತವೆ, ಸಾವಯವದಲ್ಲಿ ಅದನ್ನು ಹಿಡಿಯುವ ಔಷಧಗಳು ಕಡಿಮೆ. ತಡ ಮಾಡಿದರೆ ಹಣ್ಣು ಮಾಗುವುದು ಮಾರ್ಚ್ ನಡುವಿನ ಬಿಸಿಲಿಗೆ ಬೀಳುತ್ತದೆ, ಆಗ ಕಾಳಿಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲ ಉಸಿರಾಟದಲ್ಲಿಯೇ ಸುಟ್ಟುಹೋಗುತ್ತದೆ. ಚಾಟನಿಯಿಂದ ಕೊಯ್ಲಿಗೆ ಸುಮಾರು ನಾಲ್ಕು ತಿಂಗಳೆಂದು ಹಿಡಿದರೆ, ಅಕ್ಟೋಬರ್ ಎರಡನೆಯ ಪಾಕ್ಷಿಕದಲ್ಲಿ ಚಾಟನಿ, ಫೆಬ್ರವರಿಯ ಇನ್ನೂ ತಂಪಾದ ರಾತ್ರಿಗಳಲ್ಲಿ ಕೊಯ್ಲು ಎಂಬ ಲೆಕ್ಕ ನಮ್ಮ ಭಾಗಕ್ಕೆ ಹೊಂದುತ್ತದೆ. ತೋಟವನ್ನೆಲ್ಲ ಒಂದೇ ದಿನ ಕತ್ತರಿಸದೆ ಎರಡು ಮೂರು ಭಾಗವಾಗಿ ಮಾಡಿ, ಒಂದು ಭಾಗ ಮಳೆಗೆ ಸಿಕ್ಕರೂ ಉಳಿದದ್ದು ಉಳಿಯುತ್ತದೆ.

ಚಾಟನಿಯಾದ ಮೇಲೆ ಕಡ್ಡಿಯ ಕಣ್ಣುಗಳು, ಅಂದರೆ ಚಿಗುರು ಮೊಗ್ಗುಗಳು, ಒಟ್ಟಿಗೆ ಒಡೆಯಲೆಂದು ಸಾಮಾನ್ಯ ತೋಟಗಳಲ್ಲಿ ಹಚ್ಚುವ ಹೈಡ್ರೋಜನ್ ಸಯನಮೈಡ್ ಸಾವಯವದಲ್ಲಿ ನಿಷಿದ್ಧ, ಗೊಂಚಲು ಉದ್ದ ಮಾಡುವ ಜಿಬ್ಬರೆಲಿಕ್ ಆಮ್ಲವೂ ಅಷ್ಟೇ. ಚಾಟನಿಗೆ ಮುಂಚೆ ಎರಡು ಮೂರು ವಾರ ನೀರು ತಗ್ಗಿಸಿ, ಎಲೆ ಉದುರಿಸಿ, ಒಂದೇ ದಪ್ಪದ ಕಡ್ಡಿಗಳನ್ನು ಉಳಿಸಿಕೊಂಡರೆ ಕಣ್ಣು ತಕ್ಕಮಟ್ಟಿಗೆ ಒಟ್ಟಿಗೆ ಬರುತ್ತದೆ.

ಬೂಜು ರೋಗಕ್ಕೆ ಬೋರ್ಡೋ ದ್ರಾವಣ, ಬೂದಿ ರೋಗಕ್ಕೆ ಗಂಧಕ. ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಬೋರ್ಡೋ ಹೊಸದಲ್ಲ, ಆದರೆ ಅಡಿಕೆಯ ಪ್ರಮಾಣವನ್ನು ಎಳೆಯ ದ್ರಾಕ್ಷಿ ಚಿಗುರಿಗೆ ಹಾಕಿದರೆ ಎಲೆ ಸುಡುತ್ತದೆ. ಬೋರ್ಡೋದಲ್ಲಿರುವ ತಾಮ್ರ ಮಣ್ಣಿನಲ್ಲಿ ಕರಗದೆ ಉಳಿಯುವ ಲೋಹ; ಐರೋಪ್ಯ ಒಕ್ಕೂಟ ಅದಕ್ಕೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಹಾಕಿದೆ, ನಾವೂ ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಲೇಸು. ಗಂಧಕವನ್ನು ಕೊಯ್ಲಿಗೆ ಒಂದು ತಿಂಗಳಿಗೂ ಮುಂಚೆ ನಿಲ್ಲಿಸಿ. ಸಿಪ್ಪೆಯ ಮೇಲೆ ಉಳಿದ ಗಂಧಕ ಹುದುಗುವಾಗ ಕೊಳೆತ ಮೊಟ್ಟೆಯ ವಾಸನೆಯಾಗಿ ಮೇಲೇಳುತ್ತದೆ, ಮುಚ್ಚಿದ ಬಾಟಲಿಯಲ್ಲಿ ಅದಕ್ಕೆ ಹೋಗಲು ದಾರಿಯಿರುವುದಿಲ್ಲ.

ಹಂತ 6: ಕೊಯ್ಲಿನ ದಿನ

ಬ್ರಿಕ್ಸ್ ಎಂದರೆ ರಸದಲ್ಲಿ ಕರಗಿರುವ ಸಕ್ಕರೆಯ ಅಳತೆ. ಅದನ್ನು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್‌ನಲ್ಲಿ ನೋಡಬಹುದು. ಸಾಮಾನ್ಯ ವೈನಿಗೆ 22–24 ಬ್ರಿಕ್ಸ್‌ವರೆಗೆ ಕಾಯುತ್ತಾರೆ; ಸ್ಪಾರ್ಕ್ಲಿಂಗ್‌ಗೆ 17–19ರಲ್ಲೇ ಕೊಯ್ಯಬೇಕು. ಜೊತೆಗೆ ರಸದ ಪಿಎಚ್ (ಹುಳಿಯ ತೀವ್ರತೆಯ ಅಳತೆ; ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು) 3.0–3.2ರ ಆಸುಪಾಸು ಇರಬೇಕು, ಲೀಟರಿಗೆ 7ರಿಂದ 10 ಗ್ರಾಂ ಆಮ್ಲ ಇರಬೇಕು. ಸಕ್ಕರೆಯನ್ನು ಮಾತ್ರ ನೋಡಿ ಕೊಯ್ಯುವುದು ನಾನು ಕಂಡ ತಪ್ಪುಗಳಲ್ಲೆಲ್ಲ ಹೆಚ್ಚು ಸಾಮಾನ್ಯವಾದದ್ದು ಮತ್ತು ಹೆಚ್ಚು ದುಬಾರಿಯಾದದ್ದು. ಚಾಟನಿಯಾಗಿ ನೂರು ದಿನ ದಾಟಿದ ಮೇಲೆ ಎರಡು ದಿನಕ್ಕೊಮ್ಮೆ ಸಾಲುಗಳ ಬೇರೆ ಬೇರೆ ಕಡೆಯಿಂದ, ಬಿಸಿಲು ಬದಿ ನೆರಳು ಬದಿ ಎರಡರಿಂದಲೂ, ಸುಮಾರು ನೂರು ಕಾಳು ಕಿತ್ತು ಹಿಂಡಿ ಮೂರನ್ನೂ ಅಳೆಯಿರಿ. ಹೊರಗಿನಿಂದ ಟಾರ್ಟಾರಿಕ್ ಆಮ್ಲ ಸೇರಿಸಲು ಅವಕಾಶವಿದೆ ಎಂಬ ಧೈರ್ಯದ ಮೇಲೆ ತಡಮಾಡಬೇಡಿ. ಸೇರಿಸಿದ ಹುಳಿಗೆ ಹಣ್ಣಿನದೇ ಹುಳಿಯ ದುಂಡುತನ ಬರುವುದಿಲ್ಲ.

ಕೊಯ್ಲು ನಸುಕಿಗೆ ಮೊದಲು, ತಲೆದೀಪ ಕಟ್ಟಿಕೊಂಡು, ಕೈಯಿಂದ. ಕೊಳೆತ ಕಾಳನ್ನು ಗಿಡದಲ್ಲೇ ಬಿಡಿಸಿ. ಆಳವಿಲ್ಲದ ಕ್ರೇಟುಗಳಲ್ಲಿ 15 ಕಿಲೋಗಿಂತ ಹೆಚ್ಚು ತುಂಬಿದರೆ ಅಡಿಯ ಹಣ್ಣು ಒಡೆದು ದಾರಿಯಲ್ಲೇ ಹುದುಗತೊಡಗುತ್ತದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರ್. ನಂದಿಬೆಟ್ಟದ ಕಡೆಯ ವೈನರಿಯಾದರೆ ಇನ್ನೂ ದೂರ. ಶೀತಲ ವಾಹನ ಸಿಗದಿದ್ದರೆ ಬಿಸಿಲೇರುವುದರೊಳಗೆ ಹಣ್ಣು ವೈನರಿಯನ್ನು ಮುಟ್ಟುವಂತೆ ಹಿಂದಿನ ರಾತ್ರಿಯೇ ಕೊಯ್ಲು ಮುಗಿಸಿ ಹೊರಡಿಸಿ.

ಹಂತ 7: ಹಿಂಡುವುದು ಮತ್ತು ಮೊದಲ ಹುದುಗುವಿಕೆ

ಇಲ್ಲಿಂದ ಮುಂದೆ ಕೆಲಸ ವೈನರಿಯದು, ಆದರೂ ಏನು ನಡೆಯುತ್ತದೆಂದು ನಿಮಗೆ ಗೊತ್ತಿದ್ದರೆ ಸರಿಯಾದ ಪ್ರಶ್ನೆ ಕೇಳಬಹುದು. ಗೊಂಚಲನ್ನು ತೊಟ್ಟು ಬಿಡಿಸದೆ ಇಡಿಯಾಗಿ, ಮೆಲ್ಲಗೆ ಹಿಂಡಬೇಕು. ಜೋರಾಗಿ ಹಿಂಡಿದರೆ ಸಿಪ್ಪೆ, ಬೀಜದ ಒಗರು ಇಳಿಯುತ್ತದೆ, ಡ್ರೈ ವೈನಿನಲ್ಲಿ ಅದನ್ನು ಮುಚ್ಚಲು ಸಿಹಿಯಿರುವುದಿಲ್ಲ. ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ 4,000 ಕಿಲೋ ಹಣ್ಣಿನಿಂದ 2,550 ಲೀಟರ್‌ಗಿಂತ ಹೆಚ್ಚು ರಸ ತೆಗೆಯುವಂತಿಲ್ಲ. ಎಕರೆಗೆ ನಾಲ್ಕು ಟನ್ ಇಳುವರಿಯ ಗುರಿಯಿಟ್ಟುಕೊಂಡವರು ಇದರಿಂದಲೇ ಲೆಕ್ಕ ಹಾಕಬಹುದು: ಸೋರಿಕೆ ಕಳೆಯುವ ಮುಂಚೆ ಸುಮಾರು 3,400 ಬಾಟಲಿ.

ರಸ ತಿಳಿಯಾದ ಮೇಲೆ ತಂಪಾದ ಸ್ಟೀಲ್ ತೊಟ್ಟಿಯಲ್ಲಿ ಹುದುಗಿಸಿ ಶೇ. 10–10.5ರಷ್ಟು ಮದ್ಯಸಾರವಿರುವ, ಕುಡಿದರೆ ಬರೀ ಹುಳಿಯೆನಿಸುವ ವೈನ್ ಮಾಡುತ್ತಾರೆ. ಇದನ್ನು ಬೇಸ್ ವೈನ್ ಎನ್ನುತ್ತಾರೆ. ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೆದು ಲ್ಯಾಕ್ಟಿಕ್ ಆಮ್ಲವಾಗಿಸುವ ಕ್ರಿಯೆ ತಂಪು ದೇಶಗಳಲ್ಲಿ ಬೇಕೆಂದೇ ನಡೆಸುವಂಥದ್ದು. ನಮ್ಮ ಹಣ್ಣಿಗೆ ಅದನ್ನು ತಡೆಯುವಂತೆ ಕೇಳಿಕೊಳ್ಳಿ.

ಹಂತ 8: ಬಾಟಲಿಯೊಳಗಿನ ಎರಡನೆಯ ಹುದುಗುವಿಕೆ

ಬೇಸ್ ವೈನಿಗೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಮತ್ತು ಯೀಸ್ಟ್ ಸೇರಿಸಿ ದಪ್ಪ ಗಾಜಿನ ಬಾಟಲಿಗೆ ತುಂಬಿ, ಸೋಡಾ ಬಾಟಲಿಯಂಥ ಲೋಹದ ಮುಚ್ಚಳ ಹಾಕುತ್ತಾರೆ. ನಾಲ್ಕು ಗ್ರಾಂ ಸಕ್ಕರೆಗೆ ಒಂದು ವಾಯುಮಂಡಲದ ಒತ್ತಡ ಎಂಬುದು ಲೆಕ್ಕ; ಹೀಗೆ ಆರು ವಾಯುಮಂಡಲ, ಅಂದರೆ ಕಾರಿನ ಚಕ್ರದ ಗಾಳಿಯ ಹೆಚ್ಚುಕಡಿಮೆ ಮೂರರಷ್ಟು ಒತ್ತಡ ಒಳಗೆ ಕಟ್ಟುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಹಳೆಯ ಬಾಟಲಿಗೆ ಸಕ್ಕರೆ, ಯೀಸ್ಟ್ ಹಾಕಿ ಪ್ರಯೋಗ ಮಾಡುವ ಯೋಚನೆಯನ್ನು ದಯವಿಟ್ಟು ಬಿಡಿ. ಸಾಧಾರಣ ಬಾಟಲಿ ಸಿಡಿದರೆ ಕಣ್ಣು ಹೋಗುತ್ತದೆ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರಡಿ ಅಪರಾಧವೂ ಹೌದು, ಸ್ವಂತ ತೋಟದ ಹಣ್ಣಾದರೂ ಸರಿ.

ಹುದುಗುವಿಕೆ ಮುಗಿದ ಮೇಲೆ ಸತ್ತ ಯೀಸ್ಟಿನ ಚರಟದ ಮೇಲೆಯೇ ಬಾಟಲಿಯನ್ನು 12–15 ಡಿಗ್ರಿ ತಂಪಿನಲ್ಲಿ ಮಲಗಿಸಿಡುತ್ತಾರೆ. ಬ್ರೆಡ್ಡಿನಂಥ ಪರಿಮಳ ಬರುವುದು ಈ ಚರಟದಿಂದ. ಸ್ಪೇನಿನ ಸ್ಪಾರ್ಕ್ಲಿಂಗ್ ವೈನಾದ ಕಾವಾಕ್ಕೆ ಕನಿಷ್ಠ ಒಂಬತ್ತು ತಿಂಗಳು, ಶಾಂಪೇನ್‌ಗೆ ಒಟ್ಟು ಕನಿಷ್ಠ 15 ತಿಂಗಳು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ವಿದ್ಯುತ್ ಕೈಕೊಡುವ ಊರಿನಲ್ಲಿ ಸಾವಿರಾರು ಬಾಟಲಿಯನ್ನು ಅಷ್ಟು ಕಾಲ ತಂಪಾಗಿಡುವ ಖರ್ಚನ್ನು ಊಹಿಸಿದರೆ ಸ್ವಂತ ವೈನರಿಯನ್ನು ಮುಂದೂಡಿ ಎಂದು ಏಕೆ ಹೇಳಿದೆನೆಂಬುದು ತಿಳಿದೀತು. ಬಳಿಕ ಬಾಟಲಿಯನ್ನು ದಿನದಿನವೂ ತಿರುಗಿಸುತ್ತ ತಲೆಕೆಳಗಾಗಿಸಿ ಚರಟವನ್ನು ಬಾಟಲಿಯ ಕುತ್ತಿಗೆಗೆ ಇಳಿಸಿ, ಕುತ್ತಿಗೆಯನ್ನು ಹೆಪ್ಪುಗಟ್ಟಿಸಿ, ಮುಚ್ಚಳ ತೆಗೆದಾಗ ಚರಟದ ಮಂಜುಗಡ್ಡೆ ಒತ್ತಡಕ್ಕೆ ಹೊರಚಿಮ್ಮುವಂತೆ ಮಾಡುತ್ತಾರೆ. ಕಡಿಮೆಯಾದಷ್ಟು ವೈನ್ ತುಂಬಿ, ಬೇಕಿದ್ದರೆ ಅಳತೆಯ ಸಕ್ಕರೆ ಸೇರಿಸಿ, ಬಿರಡೆ ಹಾಕಿ ತಂತಿ ಬಿಗಿಯುತ್ತಾರೆ.

ಹಂತ 9: ಲೇಬಲ್

ಆ ಕೊನೆಯ ಸಕ್ಕರೆಯ ಅಳತೆಯೇ ಲೇಬಲಿನ ಪದವನ್ನು ನಿರ್ಧರಿಸುತ್ತದೆ. ಐರೋಪ್ಯ ವಾಡಿಕೆಯಂತೆ ಲೀಟರಿಗೆ 3 ಗ್ರಾಂಗಿಂತ ಕಡಿಮೆ ಇದ್ದು, ಕೊನೆಯಲ್ಲಿ ಸಕ್ಕರೆ ಸೇರಿಸದಿದ್ದರೆ ಬ್ರೂಟ್ ನೇಚರ್, 6ರವರೆಗೆ ಎಕ್ಸ್‌ಟ್ರಾ ಬ್ರೂಟ್, 12ಕ್ಕಿಂತ ಕಡಿಮೆಯಿದ್ದರೆ ಬ್ರೂಟ್. ಎಕ್ಸ್‌ಟ್ರಾ ಡ್ರೈ ಎಂಬುದು 12ರಿಂದ 17, ಅಂದರೆ ಹೆಸರು ಹೇಳುವುದಕ್ಕೆ ವಿರುದ್ಧವಾಗಿ ಬ್ರೂಟ್‌ಗಿಂತ ಸಿಹಿ. ನಿಮಗೆ ಬೇಕಾದದ್ದು ಸಿಹಿಯಿಲ್ಲದ ವೈನ್ ಆದರೆ ಬ್ರೂಟ್ ಅಥವಾ ಅದಕ್ಕಿಂತ ಕೆಳಗಿನದನ್ನೇ ಕೇಳಿ. ಶಾಂಪೇನ್ ಎಂಬ ಹೆಸರು ಫ್ರಾನ್ಸಿನ ಆ ಪ್ರದೇಶಕ್ಕೆ ಮೀಸಲು, ಎಷ್ಟೇ ಒಳ್ಳೆಯ ವೈನಾದರೂ ಅದನ್ನು ಬಳಸುವಂತಿಲ್ಲ.

ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್ ಮತ್ತು ಸಾವಯವ ವೈನ್ ಒಂದೇ ಅಲ್ಲ. ಎರಡನೆಯದಕ್ಕೆ ವೈನರಿಗೂ ಸಾವಯವ ಪ್ರಮಾಣಪತ್ರವಿರಬೇಕು, ನಿಮ್ಮ ಹಣ್ಣು ಬೇರೆ ಹಣ್ಣಿನೊಡನೆ ಬೆರೆಯದಂತೆ ತೊಟ್ಟಿ, ಪಂಪು, ದಾಖಲೆ ಎಲ್ಲವೂ ಬೇರೆಯಾಗಿರಬೇಕು. ವೈನ್ ಕೆಡದಂತೆ ಬಳಸುವ ಸಲ್ಫೈಟ್ ಬಗ್ಗೆಯೂ ನಿಯಮ ದೇಶದಿಂದ ದೇಶಕ್ಕೆ ಬೇರೆ: ಅಮೆರಿಕದಲ್ಲಿ ಸಾವಯವ ವೈನ್ ಎನ್ನಬೇಕಾದರೆ ಸಲ್ಫೈಟನ್ನು ಸೇರಿಸಲೇಬಾರದು, ಯೂರೋಪಿನಲ್ಲಿ ಮಿತವಾಗಿ ಸೇರಿಸಬಹುದು. ಎಲ್ಲಿ ಮಾರುತ್ತೀರಿ ಎಂಬುದನ್ನು ಹಣ್ಣು ಹಿಂಡುವ ಮೊದಲೇ ವೈನರಿಗೆ ತಿಳಿಸಿ. ಭಾರತದಲ್ಲಿ ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯ ಸಾಲು ಲೇಬಲಿನ ಮೇಲೆ ಕಡ್ಡಾಯ, ಸಾವಯವ ಎಂಬ ಮಾತಿನಿಂದ ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಮಾರಾಟಕ್ಕೆ ಕೂಡ ಪ್ರತ್ಯೇಕ ಪರವಾನಗಿ ಬೇಕು. ತೋಟ ನೋಡಲು ಬಂದವರಿಗೆ ಬಾಟಲಿ ಮಾರುವ ಮೊದಲು ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಉತ್ತರವನ್ನೂ ಲಿಖಿತವಾಗಿಯೇ ಪಡೆದುಕೊಳ್ಳಿ.